ಪುಸ್ತಕದ ಗಂಟು

"ಹಲೋ… ಹಲೋ? ಯಾರು ಮಾತಾಡ್ತಿರೋದು?… ಯಾರು?… ಹಾಂ, ಹೌದು, ನನ್ನದೇ ನಂಬರ್… ಪಾರ್ಸೆಲ್ಲಾ? ಹಾಂ ಹಾಂ, ಶೂ ಅಲ್ವಾ? ಬಂದೆ ಅಣ್ಣ, ಎರಡೇ ನಿಮಿಷ. ಗೇಟ್ ಹತ್ರಾನೇ ನಿಂತಿರಿ, ಎಲ್ಲೂ ಹೋಗ್ಬೇಡಿ…"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ರೂಮ್‌ಮೇಟ್‌ಗೆ ಎಚ್ಚರವಾದೀತೆಂದು ಅವಳು ದನಿ ತಗ್ಗಿಸಿಯೇ ಮಾತಾಡುತ್ತಿದ್ದಳು. ಫೋನಿಟ್ಟ ಕಿವಿಯನ್ನು ಕಿಟಕಿಯ ಎಡಗಡೆಯ ಎರಡನೇ ಸರಳಿಗೆ ಒತ್ತಿ ಹಿಡಿದಿದ್ದಳು. ಯೂನಿವರ್ಸಿಟಿ ಹಾಸ್ಟೆಲ್ಲಿನ ಮೂರನೇ ಮಹಡಿಯ ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಅಂಗೈಯಗಲದ ಆ ಒಂದೇ ಜಾಗದಲ್ಲಿ. ಅರ್ಧ ಹೆಜ್ಜೆ ಸರಿದರೆ ಮಾತು ತುಂಡುತುಂಡು, ಒಂದು ಹೆಜ್ಜೆ ಸರಿದರೆ ಫೋನೇ ಕಟ್. ಪ್ರೀತಿ ಮಾಡುವವರೂ ಜಗಳ ಆಡುವವರೂ ಆ ಸರಳಿಗೇ ಕೆನ್ನೆ ಕೊಟ್ಟು ನಿಲ್ಲಬೇಕು.

ಅವಳಿಗೆ ಹಾಸ್ಟೆಲ್ಲಿನವರು ಇಟ್ಟ ಹೆಸರು ಡಬ್ಬಿ. ದಪ್ಪಗಿದ್ದಾಳೆ ಅಂತಲ್ಲ, ಹುಡುಗಿ ಕಡ್ಡಿಯ ಹಾಗಿದ್ದಾಳೆ. ವಾರಕ್ಕೆ ಮೂರು ಡಬ್ಬಿ ಬರುತ್ತಿದ್ದ ಕಾಲವೊಂದಿತ್ತು, ಅದಕ್ಕೆ ಬಂದ ಹೆಸರು. ಮಂಚದ ಕೆಳಗೆ ಕಾಲಿಡಲು ಜಾಗವಿಲ್ಲ. ಅಲ್ಲಿರುವುದರಲ್ಲಿ ಅರ್ಧಕ್ಕರ್ಧ ಡಬ್ಬಿಗಳ ಟೇಪು ಕೂಡ ಕಿತ್ತಿಲ್ಲ. ಬೇಕಾಗಿದ್ದು ಒಳಗಿನ ವಸ್ತುವಲ್ಲವಲ್ಲ, ಅದು ಬರುತ್ತದೆ ಎನ್ನುವ ಆ ನಾಲ್ಕು ದಿನ.

"ಗೇಟ್ ಹತ್ರ ಇಲ್ವಾ? ಮತ್ತೆ ಎಲ್ಲಿದೀರ?… ಮೆಟ್ಟಿಲಾ? ಯಾವ ಮೆಟ್ಟಿಲು? ಹಾಸ್ಟೆಲ್ ಒಳಗೆ ಗಂಡಸರನ್ನ ಬಿಡಲ್ಲ ಅಣ್ಣ, ನಿಮ್ಮನ್ನ ಹೇಗೆ ಬಿಟ್ರು?… ಹಾಸ್ಟೆಲ್ ಅಲ್ವಾ?… ಬಾಗಿಲ ಮುಂದೆ… ನೀಲಿ ಬಾಗಿಲಾ?"

"…"

"ಪಕ್ಕದಲ್ಲಿ ಸೈಕಲ್ ಇದೆಯಾ? ಹಳೇದು, ಸೀಟಿಲ್ದೆ ಇರೋದು?… ಇದೆಯಾ…"

ಜಗತ್ತಿನಲ್ಲಿ ನೀಲಿ ಬಾಗಿಲುಗಳು ಎಷ್ಟೋ ಇರಬಹುದು, ಸೀಟಿಲ್ಲದ ಸೈಕಲ್ಲನ್ನು ಬಾಗಿಲ ಪಕ್ಕ ನಿಲ್ಲಿಸಿಕೊಂಡಿರುವ ಮನೆ ಒಂದೇ. ಅವಳ ಅಮ್ಮನದು. ಎಂಟು ಗಂಟೆಯ ಬಸ್ ಪ್ರಯಾಣದಾಚೆ, ಎರಡನೇ ಮಹಡಿ, ಬಲಗಡೆ.

ತಪ್ಪು ಹೇಗಾಯಿತೆಂದು ಆ ಕ್ಷಣದಲ್ಲೇ ಅವಳಿಗೆ ಹೊಳೆಯಿತು. ರಜೆಗೆ ಹೋದಾಗ ಅಮ್ಮನ ಕುಕ್ಕರಿಗೆ ರಬ್ಬರ್ ರಿಂಗ್ ತರಿಸಿದ್ದಳು, ಮನೆಯ ವಿಳಾಸಕ್ಕೆ. ವಾಪಸ್ ಬಂದ ಮೇಲೆ ಆ್ಯಪಿನಲ್ಲಿ ವಿಳಾಸ ಬದಲಾಯಿಸಬೇಕಿತ್ತು. ಬದಲಾಯಿಸಿರಲಿಲ್ಲ. ವರ್ಷವಿಡೀ ತರಿಸಿದ ನೂರಾರು ಸಾಮಾನಿನಲ್ಲಿ ನಿಜವಾಗಿ ಬೇಕಾಗಿ ತರಿಸಿದ್ದು ಆ ರಬ್ಬರ್ ರಿಂಗ್ ಒಂದೇ, ಕುತ್ತಿಗೆಗೆ ಬಂದದ್ದೂ ಅದೇ!

"ಅಣ್ಣ, ಅಣ್ಣ, ಕೇಳಿ. ಬೆಲ್ ಒತ್ತಿದ್ರಾ?… ಒತ್ತಿಲ್ಲ ಅಲ್ವಾ?… ಒತ್ಬೇಡಿ. ಒತ್… ಒತ್ತಾಯ್ತಾ? ಪರವಾಗಿಲ್ಲ, ಮನೇಲಿ ಈಗ ಯಾರೂ ಇರಲ್ಲ, ನೀವು ಸುಮ್ನೆ ಇಳಿದು… ಬಂದ್ರಾ? ಯಾರು ಬಂದ್ರು?… ಹೆಗಲಲ್ಲಿ ಚೀಲಾನಾ?… ಹೊರಗೆ ಹೊರಟ ಹಾಗಿದಾರಾ?"

ಈ ಹೊತ್ತಿನಲ್ಲಿ ಅಮ್ಮ ಮನೆಯಲ್ಲಿ ಇರುವುದೇ ಇಲ್ಲ. ಪುಸ್ತಕ ಹೊಲಿಯುವ ಬೈಂಡಿಂಗ್ ಶಾಪಿನಲ್ಲಿ ಉದ್ದನೆಯ ಮೇಜಿನ ಮುಂದೆ ನಿಂತಿರುತ್ತಾಳೆ. ಮುದ್ರಣವಾಗಿ ಬಂದ ಹದಿನಾರು ಹದಿನಾರು ಪುಟದ ಮಡಿಕೆಗಳನ್ನು ಕ್ರಮವಾಗಿ ಜೋಡಿಸಿ, ಬೆನ್ನಿಗೆ ದಾರ ಹಾಕಿ, ಗಂಟು ಬಿಗಿಯುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದೇ ಮೇಜು, ಅದೇ ನಿಲುವು. ಈಚೆಗೆ ಅವಳು ಜೋಡಿಸಿದ ಪುಸ್ತಕಗಳಲ್ಲಿ ಮೂವತ್ತೆರಡನೇ ಪುಟದ ಮುಂದೆ ಅರವತ್ತೈದನೆಯದು ಕಾಣಿಸಿಕೊಳ್ಳತೊಡಗಿತ್ತು. ಸೋಮವಾರದೊಳಗೆ ಕನ್ನಡಕ ಹಾಕಿಕೊಂಡು ಬರದಿದ್ದರೆ ಮೇಜು ಬಿಡಿಸಿ ಕಸ ಗುಡಿಸಲು ಹಾಕುತ್ತೇನೆಂದು ಮೇಸ್ತ್ರಿ ಹೇಳಿದ್ದ. ಕಸ ಗುಡಿಸುವವರಿಗೆ ಅರ್ಧ ಸಂಬಳ. ಕನ್ನಡಕದ ಅಂಗಡಿಗೆ ಹೋಗಲು ಇವತ್ತು ಅರ್ಧ ದಿನ ರಜೆ ಹಾಕುತ್ತೇನೆಂದು ಅಮ್ಮ ಮೊನ್ನೆಯೇ ಫೋನಿನಲ್ಲಿ ಹೇಳಿದ್ದಳು. ಡಬ್ಬಿ ಹೂಂ ಹೂಂ ಎನ್ನುತ್ತಾ ಬೆರಳಿನಿಂದ ಶೂಗಳ ಚಿತ್ರ ಸರಿಸುತ್ತಿದ್ದಳು.

"ಅಣ್ಣ, ನಾನು ಹೇಳೋದನ್ನ ಕೇಳಿ, ಅವರ ಮುಂದೆ ಏನೂ ಮಾತಾಡ್ಬೇಡಿ. ಹೂಂ ಅನ್ನಿ ಸಾಕು. ಆ ಡಬ್ಬಿ ವಾಪಸ್ ತಗೊಂಡು ಹೋಗಿ. ಅಡ್ರೆಸ್ ತಪ್ಪು ಅಂತ ಬರ್ಕೊಳ್ಳಿ… ಹೆಸರು ನನ್ನದೇ, ಗೊತ್ತು ಅಣ್ಣ… ಅವರಿಗೇನೂ ಗೊತ್ತಾಗಲ್ಲ, ಅಷ್ಟು ಸಣ್ಣ ಅಕ್ಷರ ಅವರಿಗೆ ಕಾಣ್ಸಲ್ಲ… ಏನು? ನೀವೇ ಓದಿ ಹೇಳಿದ್ರಾ?… ಅಯ್ಯೋ, ನೀವ್ಯಾಕಣ್ಣ ಓದಿ ಹೇಳೋಕೆ ಹೋದ್ರಿ!… ಇಲ್ಲ ಇಲ್ಲ, ಬೈತಿಲ್ಲ. ನಿಮ್ಮನ್ನ ಯಾಕೆ ಬೈಲಿ…"

ಈ ಶೂವನ್ನು ಕೊಳ್ಳುವ ಯೋಚನೆಯೇ ಅವಳಿಗಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಸ್ಟೆಲ್ಲಿನ ಹುಡುಗಿಯರಲ್ಲಿ ಒಂದು ರೂಢಿ ಬೆಳೆದಿದೆ, ಅದಕ್ಕವರು ಗೇಟ್ ದರ್ಶನ ಎನ್ನುತ್ತಾರೆ. ಕೈಯಲ್ಲಿ ಕಾಸಿಲ್ಲದಾಗ, ಈಗ ಕೊಂಡು ಆಮೇಲೆ ಕಟ್ಟುವ ಸಾಲವೂ ನಿಂತುಹೋದಾಗ, ಡಬ್ಬಿ ಕೈಗೆ ಬಂದಾಗ ದುಡ್ಡು ಕೊಡುತ್ತೇನೆಂದು ಆರ್ಡರ್ ಹಾಕುವುದು. ನಾಲ್ಕು ದಿನ ಕಾಯುವುದು. ಗೇಟಿಗೆ ಬಂದಾಗ ಡಬ್ಬಿ ಬಿಚ್ಚಿಸಿ, ಮುಟ್ಟಿ, ಮೂಸಿ, ಒಮ್ಮೆ ಹಾಕಿ ನೋಡಿ, ಮೂತಿ ಸೊಟ್ಟ ಮಾಡಿ, ಬೇಡ ಎಂದು ವಾಪಸ್ ಕಳಿಸುವುದು. ಖರ್ಚಿಲ್ಲ, ಕೊಳ್ಳುವ ಸುಖ ಮಾತ್ರ ಪೂರ್ತಿ. ಡಬ್ಬಿ ತನಗೆ ತಾನೇ ಇದನ್ನು ಚಟ ಬಿಡುವ ದಾರಿ ಎಂದು ಹೇಳಿಕೊಂಡಿದ್ದಳು. ಎರಡು ತಿಂಗಳಿಂದ ಒಂದು ಕಾಸೂ ಖರ್ಚು ಮಾಡಿಲ್ಲವೆಂದು ರೂಮ್‌ಮೇಟ್ ಮುಂದೆ ಜಂಬವನ್ನೂ ಕೊಚ್ಚಿದ್ದಳು. ಖರ್ಚು ಮಾಡಲು ಏನಾದರೂ ಉಳಿದಿದ್ದರೆ ತಾನೇ?

"ಬೇಡ ಅಣ್ಣ, ಫೋನ್ ಅವರ ಕೈಗೆ ಕೊಡ್ಬೇಡಿ. ಕೊಡ್ಬೇಡಿ, ದಮ್ಮಯ್ಯ… ಹಲೋ?… ಅಣ್ಣ?…"

"…"

"ಅಮ್ಮಾ…"

"ಹಾಂ, ನಾನೇ ಕಣಮ್ಮ. ಊಟ ಆಯ್ತು… ಇಲ್ಲ, ಕ್ಲಾಸ್ ಎರಡೂವರೆಗೆ… ಹಾಂ, ಡಬ್ಬಿ… ನಾನೇ. ನಾನೇ ಕಳ್ಸಿದ್ದು… ಯಾಕೆ ಅಂದ್ರೆ… ಸುಮ್ನೆ… ಹಾಂ?… ಹೌದಮ್ಮ. ನಿನಗೇ. ನಿನಗೇ ಅಂತ."

ಬಾಯಿಂದ ಜಾರಿಯೇ ಹೋಯಿತು. ಆ ಮಾತನ್ನು ಅವಳು ಹುಡುಕಿ ಆಡಿದ್ದಲ್ಲ. ಅಮ್ಮ ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು, ಇವಳು ತಲೆಯಾಡಿಸಿದಳು, ಅಷ್ಟೇ. ತಲೆಯಾಡಿಸುವಾಗ ಕೆನ್ನೆ ಸರಳಿಗೆ ಉಜ್ಜಿ ತುಕ್ಕಿನ ಪುಡಿ ಅಂಟಿತು.

"ಹೌದು ಹೌದು, ನಿನ್ನ ಕಾಲಿಗೇ… ನೆನಪಿಲ್ದೆ ಏನಮ್ಮ, ರಜೇಲಿ ನೀನೇ ಹೇಳಿದ್ಯಲ್ಲ ಪಾದ ಊದ್ಕೊಳ್ಳುತ್ತೆ ಅಂತ… ಬಿಸಿನೀರಿನ ಬಕೆಟ್ಟಲ್ಲಿ ಕಾಲಿಟ್ಕೊಂಡು ಕೂತಿರ್ತಿದ್ಯಲ್ಲ… ಹಾಂ, ನೋಡ್ತಿದ್ದೆ. ನೋಡ್ದೆ ಇರ್ತೀನಾ…"

ನೋಡಿದ್ದೇನೋ ನಿಜ. ಬಕೆಟ್ಟನ್ನು ದಾಟಿಕೊಂಡು ಫೋನ್ ಚಾರ್ಜಿಗೆ ಹಾಕಲು ಹೋದದ್ದೂ ನಿಜ.

"ಅಮ್ಮ, ಅಳ್ತಿದೀಯಾ? ಅಳ್ಬೇಡ. ಆ ಅಣ್ಣನ ಮುಂದೆ ಏನಿದು?… ಇಲ್ಲಮ್ಮ, ದೊಡ್ಡೋಳೇನೂ ಆಗಿಲ್ಲ ನಾನು… ಯಾರಿಗೆ? ಮೇಲಿನ ಮನೆ ಅತ್ತೆಗಾ? ಅವರೂ ಬಂದಿದಾರಾ ಅಲ್ಲಿ?… ಕರೆದು ತೋರಿಸ್ತಿದೀಯಾ?… ಹಾಂ, ಅವರಿಗೂ ಕೇಳಿದೆ ಅಂತ ಹೇಳು…"

ಮೇಲಿನ ಮನೆ ಅತ್ತೆ ಎಂದರೆ ಆ ಕಟ್ಟಡಕ್ಕೇ ಬಾಯಿ ಇದ್ದ ಹಾಗೆ. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಾಲ್ಕೂ ಮಹಡಿ ಏರಿ ಇಳಿದು ಬರುತ್ತದೆ. ಮಗಳನ್ನು ಅಷ್ಟು ದೂರ ಓದಿಸಿ ಏನು ಬಂತು ಎಂದು ಅಮ್ಮನನ್ನು ಚುಚ್ಚುತ್ತಿದ್ದವಳೂ ಅವಳೇ. ಅಮ್ಮನಿಗೆ ಇವತ್ತು ಅದಕ್ಕೆ ಉತ್ತರ ಸಿಕ್ಕಿದೆ, ಬಿಳಿ ಬಣ್ಣದ್ದು, ಐದನೇ ನಂಬರಿನದು. ತಾಯಿ ಮಗಳದು ಒಂದೇ ಅಳತೆ ನೋಡಿ, ಡಬ್ಬಿಯ ಗ್ರಹಚಾರ!

"ಅಮ್ಮ, ಈಗ ಬೇಡ, ಡಬ್ಬಿ ಬಿಚ್ಚೋದು ಬೇಡ… ಬಿಚ್ಚಿದ್ರಾ?… ನೋಡಿ ಅಂತ ಅವರೇ ಬಿಚ್ಚಿಕೊಟ್ರಾ… ಹಾಂ, ಮೊದಲು ನೋಡ್ಬಹುದು, ಆಮೇಲೆ ದುಡ್ಡು… ಮೆತ್ತಗಿದೆಯಾ?… ಒಳಗೆ ಹಾಗೇ ಇರುತ್ತಮ್ಮ, ಅದು ಸ್ಪಂಜು… ನಿಂತು ನೋಡಿದ್ಯಾ?… ಏನನ್ಸುತ್ತೆ?"

"…"

"ನೆಲ ಇಲ್ಲದ ಹಾಗಾ?"

ಡಬ್ಬಿ ಮಂಚದ ಕಡೆ ಕಣ್ಣು ಹಾಯಿಸಿದಳು. ನಾಲ್ಕು ಜೊತೆ ಶೂ ಅವಳ ಮಂಚದ ಕೆಳಗೇ ಇವೆ, ಯಾವುದನ್ನು ಹಾಕಿದಾಗಲೂ ಅವಳಿಗೆ ಹಾಗೆ ಅನ್ನಿಸಿರಲಿಲ್ಲ.

"ಲೇಸ್ ಕಟ್ಟಿದ್ಯಾ? ಯಾವ ಗಂಟು?… ಅಮ್ಮಾ! ಪುಸ್ತಕದ ಗಂಟಾ? ಶೂಗೆ ಯಾರಾದ್ರೂ ಪುಸ್ತಕದ ಗಂಟು ಹಾಕ್ತಾರಾ?… ನಗು ನಗು, ನನಗೆ ನೆನಪಿಲ್ಲ ಅಂದ್ಕೊಂಡ್ಯಾ…"

ಪುಸ್ತಕದ ಗಂಟು ಎಂದರೆ ಹೊಲಿದ ಪುಸ್ತಕದ ದಾರ ಜನ್ಮದಲ್ಲಿ ಸಡಿಲವಾಗದ ಹಾಗೆ ಹಾಕುವ ಗಂಟು. ಅದನ್ನು ಬಿಚ್ಚಲೆಂದು ಯಾರೂ ಹಾಕುವುದಿಲ್ಲ. ಶಾಲೆಗೆ ಹೋಗುವ ಕಾಲದಲ್ಲಿ ಅಮ್ಮ ಇವಳ ಶೂಗೆ ಅದನ್ನೇ ಬಿಗಿದು ಕಳಿಸುತ್ತಿದ್ದಳು. ದಿನವಿಡೀ ಓಡಿದರೂ, ಹಾರಿದರೂ, ಲೇಸು ಬಿಚ್ಚಿ ಎಡವಿ ಬಿದ್ದದ್ದಿಲ್ಲ. ಸಂಜೆ ಮನೆಗೆ ಬಂದರೆ ಅದನ್ನು ಬಿಡಿಸುವುದು ಅಮ್ಮನೊಬ್ಬಳಿಗೇ ಗೊತ್ತು. ಮೊಣಕಾಲ ಮೇಲೆ ಇವಳ ಪಾದ ಇಟ್ಟುಕೊಂಡು, ದಾರದ ಯಾವ ಎಳೆ ಯಾವುದರ ಕೆಳಗೆ ಹೋಗಿದೆಯೆಂದು ಕಣ್ಣು ಕಿರಿದು ಮಾಡಿ ನೋಡಿ, ಉಗುರು ತೂರಿಸಿ ಎಳೆದರೆ ಪಟಕ್ಕೆಂದು ಬಿಡುತ್ತಿತ್ತು.

"ಏನಮ್ಮ? ದುಡ್ಡಾ?… ಹಾಂ, ಅದು… ದುಡ್ಡು ಕಟ್ಟಿಲ್ಲ. ಅದು ನಾನು… ಆಮೇಲೆ ಕಳ್ಸೋಣ ಅಂತ… ಎಷ್ಟಂತೆ?… ಎರಡು ಸಾವಿರದ ನಾನೂರು… ಹೌದಮ್ಮ, ಜಾಸ್ತಿನೇ. ಅದಕ್ಕೇ ಹೇಳ್ತಿರೋದು, ಬೇಡ ಬಿಡು, ವಾಪಸ್ ಕೊಟ್ಬಿಡು… ಆರಿಸಿದ್ದು ನಾನಲ್ವಾ ಅಂದ್ರೆ?… ದುಡ್ಡು ಯಾರು ಕೊಟ್ರೇನು ಅಂದ್ರೆ ಏನಮ್ಮ ಅರ್ಥ? ನಿನ್ನ ಹತ್ರ ಎಲ್ಲಿದೆ ದುಡ್ಡು?…"

"…"

"ಚೀಲದಲ್ಲಿರೋದಾ? ಅದು ಕನ್ನಡಕದ್ದಲ್ವಾ?… ಅಮ್ಮ, ಅದು ಕನ್ನಡಕದ್ದು!"

ಕೊನೆಯ ಮಾತು ಸ್ವಲ್ಪ ಜೋರಾಯಿತು. ರೂಮ್‌ಮೇಟ್ ಮಗ್ಗುಲು ಬದಲಿಸಿ ಹೊದಿಕೆಯನ್ನು ತಲೆಯ ಮೇಲೆಳೆದುಕೊಂಡಳು. ಅಷ್ಟರಲ್ಲಿ ಕಿವಿಯ ಬಳಿ ಫೋನು ಒಮ್ಮೆ ನಡುಗಿತು. ಡಬ್ಬಿ ಅದನ್ನು ಸರಳಿನಿಂದ ಕದಲಿಸದೆ, ಕೊಕ್ಕರೆಯ ಹಾಗೆ ಕತ್ತು ತಿರುಗಿಸಿ ಪರದೆ ನೋಡಿದಳು. ನಾಲ್ಕಂಕಿ ಬಂದಿತ್ತು. ಐದು, ಸೊನ್ನೆ, ಐದು, ಎಂಟು. ಈ ನಂಬರನ್ನು ಹೇಳದೆ ಪಾರ್ಸೆಲ್ಲಿನವನು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಡಬ್ಬಿ ಬಿಟ್ಟುಹೋಗುವ ಹಾಗೂ ಇಲ್ಲ. ಅಮ್ಮನ ಕನ್ನಡಕ ಈಗ ಇವಳ ನಾಲಿಗೆಯ ತುದಿಯಲ್ಲಿತ್ತು.

"ಓಟಿಪಿನಾ?… ಬಂದಿಲ್ಲಮ್ಮ ಇನ್ನೂ… ಹೋಗಿದೆ ಅಂತಾರಾ ಅವರು? ಇಲ್ಲಿ ಸಿಗ್ನಲ್ ಸರಿ ಇಲ್ಲ… ಹಾಂ, ಇರು, ಈಗ ಬಂತು…"

ಹಾಸ್ಟೆಲ್ಲಿನ ಹುಡುಗಿಯರಿಗೆ ಪಾಠದ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರುವ ಸಂಗತಿ ಇದು: ಮೂರು ಸಲ ತಪ್ಪು ನಂಬರ್ ಒತ್ತಿದರೆ ಪಾರ್ಸೆಲ್ ತನ್ನಷ್ಟಕ್ಕೆ ರದ್ದಾಗುತ್ತದೆ. ಯಾರ ತಪ್ಪೂ ಅಲ್ಲ, ಯಾರ ಮಾತೂ ಬೇಕಿಲ್ಲ. ಡಬ್ಬಿಗೆ ಕತ್ತಲಲ್ಲಿ ಕಿಂಡಿ ಕಂಡ ಹಾಗಾಯಿತು. ನಿಜ ಹೇಳದೆಯೇ ಅಮ್ಮನ ಕನ್ನಡಕ ಉಳಿಸಬಹುದು. ಎಂಥ ಜಾಣೆ!

"ಬರ್ಕೊಳ್ಳೋಕೆ ಹೇಳಮ್ಮ. ಐದು… ಸೊನ್ನೆ… ಮೂರು… ಎಂಟು… ತಪ್ಪಂತಾ? ಹೌದಾ? ಸರಿಯಾಗಿ ಒತ್ತಿದ್ರಾ ಕೇಳು… ಇರು, ಮತ್ತೆ ನೋಡ್ತೀನಿ. ಐದು, ಸೊನ್ನೆ, ಎರಡು, ಎಂಟು… ಇದೂ ತಪ್ಪಾ? ಅಯ್ಯೋ, ಏನಾಯ್ತೋ ಗೊತ್ತಿಲ್ಲಮ್ಮ, ಇವರ ಕಂಪನಿದೇ ಏನೋ ತೊಂದರೆ ಇರ್ಬೇಕು… ಇನ್ನೊಂದೇ ಸಲಾನಾ?… ಆಮೇಲೆ ಆಗಲ್ವಂತಾ?… ಹೋದ್ರೆ ಹೋಗ್ಲಿ ಬಿಡಮ್ಮ, ನಾನು ಇನ್ನೊಂದ್ಸಲ…"

"…"

"ನೀನ್ಯಾಕಮ್ಮ ಅವರ ಹತ್ರ ಹಾಗೆ ಕೇಳ್ಕೊಳ್ತೀಯ? ಹೊತ್ತಾದ್ರೆ ಅವರು ಹೋಗ್ಲಿ… ನೀರು ಕೊಟ್ಯಾ ಅವರಿಗೆ?… ಹೂಂ, ನನ್ನ ಮಗಳಿಗೆ ಸ್ವಲ್ಪ ಗಡಿಬಿಡಿ ಅಂದ್ಯಾ… ಹೇಳು ಹೇಳು, ಅತ್ತೆ ನಗ್ಲಿ ಬಿಡು…"

ಇನ್ನೊಂದು ತಪ್ಪು ಅಂಕಿ, ಅಷ್ಟೇ. ಡಬ್ಬಿಯ ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಆದರೆ ಅಮ್ಮ ನಂಬರು ಕೇಳುವುದು ಬಿಟ್ಟು ಬೇರೇನನ್ನೋ ಹೇಳತೊಡಗಿದ್ದಳು. ಅವಳ ಸಂತೋಷಕ್ಕೆ ಇವತ್ತು ಬ್ರೇಕೇ ಇರಲಿಲ್ಲ.

"ಕನ್ನಡಕ ಮುಂದಿನ ತಿಂಗಳಾ? ಮುಂದಿನ ತಿಂಗಳು ಹೇಗಮ್ಮ ಆಗುತ್ತೆ, ಮೇಸ್ತ್ರಿ ಸೋಮವಾರ ಅಂದಿದಾರಲ್ಲ?… ಸುಮ್ನೆ ಹೆದರಿಸ್ತಾರಾ? ಸುಮ್ನೆ ಹೆದರಿಸೋ ಜನಾನಾ ಅವರು?… ಕೈಲೇ ಮುಟ್ಟಿ ಗೊತ್ತಾಗುತ್ತಾ? ಪುಟದ ನಂಬರ್ ಕೈಲಿ ಮುಟ್ಟಿದ್ರೆ ಗೊತ್ತಾಗುತ್ತೇನಮ್ಮ?… ಕಸ ಗುಡಿಸಿದ್ರೂ ಪರವಾಗಿಲ್ಲ ಅಂದ್ರೆ… ಈ ಶೂ ಹಾಕ್ಕೊಂಡು ಗುಡಿಸ್ತೀಯಾ? ತಮಾಷೆ ಮಾಡ್ತಿದೀಯಾ?…"

"…"

"ಏನು? ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ…"

ಕೇಳಿಸಿತ್ತು. ಸರಳಿಗೆ ಕಿವಿ ಅಷ್ಟು ಬಲವಾಗಿ ಒತ್ತಿ ಹಿಡಿದವಳಿಗೆ ಕೇಳಿಸದೆ ಏನು? ಆದರೂ ಅಮ್ಮ ಮತ್ತೊಮ್ಮೆ ಹೇಳಿದಳೆಂದು ತೋರುತ್ತದೆ, ಏಕೆಂದರೆ ಡಬ್ಬಿಯ ಮುಖದ ಬಣ್ಣ ಇಳಿಯಿತು.

"ಹಾಂ… ಪರೀಕ್ಷೆ ಫೀಸು ಕಟ್ಟಾಯ್ತಲ್ಲ, ಇನ್ನೇನು ಚಿಂತೆ ಅಂತಾನಾ…"

ಪರೀಕ್ಷೆಯ ಫೀಸು. ಕಳೆದ ಸಲ ಕನ್ನಡಕಕ್ಕೆಂದು ಕೂಡಿಟ್ಟದ್ದನ್ನೇ ಅಮ್ಮ ಫೀಸಿಗೆ ಕಳಿಸಿದ್ದಳು. ಮೊದಲು ಫೀಸು, ಕಣ್ಣಿಗೇನು ಅವಸರ ಎಂದಿದ್ದಳು. ಆ ಹಣ ಬಂದ ಸಂಜೆಯೇ ಡಬ್ಬಿ ಮೊದಲ ಸಾವಿರ ಮುಟ್ಟಿದಳು, ತಿಂಗಳ ಕೊನೆಗೆ ಹಾಕಿದರಾಯಿತು ಎಂದುಕೊಂಡಳು. ಹನ್ನೊಂದು ದಿನದಲ್ಲಿ ಎಲ್ಲ ಮುಗಿದಿತ್ತು. ಕೈಚೀಲ, ಗಡಿಯಾರ, ಮೇಜಿನ ದೀಪ, ಓಡಲು ಹೋಗದವಳಿಗೆ ಓಡುವ ಶೂ, ಅದೂ ಎರಡು ಜೊತೆ. ಕಟ್ಟಿದೆಯೇನೇ ಎಂದು ಅಮ್ಮ ಕೇಳಿದ ದಿನ, ಹೂಂ ಕಟ್ಟಿದೆ ಎಂದಿದ್ದಳು. ಅಮ್ಮನ ಕನ್ನಡಕ ಒಮ್ಮೆ ಶೂ ಆಗಿ ಈ ಮಂಚದ ಕೆಳಗೆ ಬಿದ್ದಿದೆ. ಈಗ ಎರಡನೇ ಸಲ ಶೂ ಆಗಲು ನೀಲಿ ಬಾಗಿಲಲ್ಲಿ ನಿಂತಿದೆ.

ಅವಳಿಗೆ ಅಳು ಬಂತು, ನಾಚಿಕೆಯಾಯಿತು, ಅಮ್ಮನ ಮೇಲೆ ಅರ್ಥವಿಲ್ಲದ ಸಿಟ್ಟೂ ಬಂತು. ಒಮ್ಮೆಯಾದರೂ ಅನುಮಾನಪಡಬಾರದೇ ಈ ಹೆಂಗಸು? ಇಷ್ಟು ನಂಬುವುದೆಂದರೆ ಏನು?

"ಹಾಂ, ಇದೀನಿ ಅಮ್ಮ, ಲೈನಲ್ಲೇ ಇದೀನಿ… ನಂಬರಾ… ನಿಧಾನಕ್ಕೆ ಹೇಳ್ತೀನಿ… ಐದು…"

"…"

"ಐದು. ಹಾಂ. ಸೊನ್ನೆ…"

"…"

"ಅಮ್ಮ, ನಿಲ್ಲು. ಅವರಿಗೆ ಒತ್ಬೇಡಿ ಅಂತ ಹೇಳು… ಒಂದ್ನಿಮಿಷ ಅತ್ತೆ ಹತ್ರದಿಂದ ಈಚೆ ಬಾ… ಬಂದ್ಯಾ?… ಬಂದ್ಯಾ ಅಮ್ಮ?… ಅದು ನಿನಗೆ ಅಂತ ತರಿಸಿದ್ದಲ್ಲ."

"…"

"ನಿನಗೆ ಅಲ್ಲಮ್ಮ. ನನಗೆ. ನನಗೂ ಅಲ್ಲ, ಸುಮ್ನೆ. ತರಿಸಿ, ನೋಡಿ, ವಾಪಸ್ ಕಳ್ಸೋಣ ಅಂತ… ಹಾಂ, ಸುಮ್ನೆ ನೋಡೋಕೆ. ಹಾಗೆಲ್ಲ ಮಾಡ್ತೀವಿ ಇಲ್ಲಿ… ಅಡ್ರೆಸ್ ಬದಲಾಯಿಸೋದು ಮರೆತೆ, ಅದಕ್ಕೆ ಅಲ್ಲಿಗೆ ಬಂತು… ಹಾಂ, ಅಷ್ಟೇ. ನಿನ್ನ ಕಾಲು ನೋವು… ನೆನಪಿರ್ಲಿಲ್ಲಮ್ಮ. ಸುಳ್ಳು ಹೇಳಿದೆ."

"…"

"ಇದೀಯಾ?"

"…"

"ಅಮ್ಮ, ಇನ್ನೊಂದಿದೆ. ಈಗ್ಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಯಾವತ್ತೂ ಹೇಳಲ್ಲ ನಾನು. ಫೀಸು ಕಟ್ಟಿಲ್ಲ… ಹಾಂ, ಪರೀಕ್ಷೆ ಫೀಸೇ. ನೀನು ಕಳ್ಸಿದ್ಯಲ್ಲ, ಅದು. ಖಾಲಿ ಆಯ್ತು… ಯಾರೂ ಕದೀಲಿಲ್ಲಮ್ಮ. ಯಾರಿಗೂ ಕೊಡ್ಲಿಲ್ಲ. ನಾನೇ. ಇಂಥದ್ದೇ ತಗೊಂಡೆ… ಬೇಕಾಗಿರ್ಲಿಲ್ಲ… ಯಾಕೆ ಅಂತ ಗೊತ್ತಿಲ್ಲ. ತಗೊಂಡ ಮೇಲೆ ಡಬ್ಬಿ ಬಿಚ್ಚೋದೂ ಇಲ್ಲ ನಾನು. ಬಿಟ್ಟೆ ಬಿಟ್ಟೆ ಅಂತೀನಿ, ಆಮೇಲೆ ಮತ್ತೆ ಕೈ ಹೋಗುತ್ತೆ. ನನ್ನ ಕೈಲಿ ಆಗ್ತಿಲ್ಲಮ್ಮ. ಬೈಯಿ. ಏನಾದ್ರೂ ಬೈಯಮ್ಮ…"

ರೂಮ್‌ಮೇಟ್ ಹೊದಿಕೆಯೊಳಗೆ ಎಚ್ಚರವಾಗಿಯೇ ಇದ್ದಳು, ಅಲುಗಲಿಲ್ಲ. ಕಿಟಕಿಯಾಚೆ ಹಾಸ್ಟೆಲ್ಲಿನ ಗೇಟಿನಲ್ಲಿ ಇನ್ಯಾರಿಗೋ ಡಬ್ಬಿ ತಂದಿದ್ದ ಬೈಕೊಂದು ಹಾರ್ನ್ ಹೊಡೆಯುತ್ತಿತ್ತು. ಡಬ್ಬಿ ಎರಡೂ ಕೈಯಲ್ಲಿ ಫೋನು ಹಿಡಿದು ಕಾದಳು. ಅಮ್ಮ ಕಿರುಚಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಹಲೋ… ಅಮ್ಮ?… ಅಮ್ಮ, ಏನಾದ್ರೂ ಹೇಳು… ಅಮ್ಮಾ…"

"…"

"ಯಾರು?… ಅಣ್ಣಾನಾ? ಅಮ್ಮ ಎಲ್ಲಿ?… ಫೋನ್ ನಿಮಗೆ ಕೊಟ್ಬಿಟ್ರಾ? ಏನೂ ಹೇಳ್ಲಿಲ್ವಾ?… ಹಾಂ ಅಣ್ಣ, ಬೇಡ. ಕ್ಯಾನ್ಸಲ್ ಮಾಡಿ. ಓಟಿಪಿ ಬೇಡ. ದುಡ್ಡು ತಗೋಬೇಡಿ, ಅದನ್ನ ಅವರ ಚೀಲದಲ್ಲೇ ಇಡಿಸಿ… ಹೌದು, ಗೊತ್ತು, ನಿಮಗೆ ಸುಮ್ನೆ ತೊಂದರೆ ಆಯ್ತು, ಎರಡು ಮಹಡಿ ಹತ್ತಿದ್ರಿ… ತಪ್ಪು ನಂದೇ ಅಣ್ಣ… ಅಮ್ಮನಿಗೆ ಒಂದ್ಸಲ ಫೋನ್ ಕೊಡ್ತೀರಾ?… ಬೇಡ ಅಂದ್ರಾ…"

"…"

"ಮತ್ತೆ ನೀವ್ಯಾಕೆ ಇನ್ನೂ ನಿಂತಿದೀರ?… ಶೂ ವಾಪಸ್ ಕೊಟ್ಟಿಲ್ವಾ?… ಬಿಚ್ತಿದಾರಾ?… ಮೆಟ್ಟಿಲ ಮೇಲೆ ಕೂತ್ಕೊಂಡಾ?"

"…"

"ಒಂದು ಬಿಚ್ಚಿದ್ರಾ?… ಒಂದೂ ಇಲ್ವಾ… ಆವಾಗಿಂದ ಎಳೀತಾನೇ ಇದಾರಾ?… ಬಿಳಿ ಲೇಸು, ಕಾಣ್ತಿಲ್ಲ ಅಂತಾರಾ…"

ಡಬ್ಬಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದರೂ ಕಾಣಿಸಿತು. ಇಪ್ಪತ್ತೊಂದು ವರ್ಷ ದಾರ ಎಳೆದು ಗೆರೆ ಬಿದ್ದ ಬೆರಳುಗಳು, ಯಾವ ಎಳೆ ಯಾವುದರ ಕೆಳಗಿದೆಯೆಂದು ತಡಕುತ್ತಿರುವುದು, ಎದುರಿಗೆ ನಿಂತು ನೋಡುತ್ತಿರುವ ಮೇಲಿನ ಮನೆ ಅತ್ತೆ, ಕಾಯುತ್ತಿರುವ ಅಪರಿಚಿತ.

"ಅಣ್ಣ, ಅದು ಎಳೆದ್ರೆ ಬರಲ್ಲ. ಎಳೆದಷ್ಟೂ ಬಿಗಿಯಾಗುತ್ತೆ. ನೀವೇ ಸ್ವಲ್ಪ ಬಗ್ಗಿ ಬಿಚ್ಚಿಕೊಡಿ ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ… ಎಡಗಡೆ ಎಳೆ ಇರುತ್ತಲ್ಲ, ಅದರ ಕೆಳಗೆ ಒಂದು ಸಣ್ಣ ಕುಣಿಕೆ ಇರುತ್ತೆ. ಉಗುರು ಹಾಕಿ… ಅಲ್ಲಲ್ಲ, ಮೇಲಿನದಲ್ಲ, ಕೆಳಗಿನದು… ಮುಟ್ಟೋಕೆ ಬಿಡ್ತಿಲ್ವಾ? ಯಾಕಂತೆ?… ಕತ್ತರೀನಾ? ಕತ್ತರಿ ತಂದ್ಕೊಡಿ ಅಂದ್ರಾ?… ಬೇಡ ಅಣ್ಣ, ಕತ್ತರಿ ಕೊಡ್ಬೇಡಿ! ಲೇಸ್ ಕತ್ತರಿಸಿದ್ರೆ ವಾಪಸ್ ತಗೊಳ್ಳಲ್ಲ ಅಲ್ವಾ, ದುಡ್ಡು ಕೊಡಲೇಬೇಕಾಗುತ್ತೆ ಅಲ್ವಾ?… ಅಲ್ವಾ ಅಣ್ಣ?… ಅವರಿಗೆ ಹೇಳಿ, ಕತ್ತರಿಸಬೇಡಿ ಅಂತ ಹೇಳಿ. ನಾನು ಬರ್ತೀನಿ. ಈಗಿನ ಬಸ್ಸಿಗೇ ಹೊರಡ್ತೀನಿ, ನಾನೇ ಬಂದು ಬಿಚ್ತೀನಿ ಅಂತ ಹೇಳಿ… ಹೇಳಿದ್ರಾ? ಏನಂದ್ರು?… ಅಣ್ಣ, ಅಮ್ಮ ಏನಂದ್ರು?…"

ಬಸ್ಸಿನ ಮಾತು ಬಾಯಿಗೆ ಬಂದ ರಭಸಕ್ಕೆ ಡಬ್ಬಿ ಚೀಲ ಹುಡುಕಲು ಮಂಚದ ಕಡೆ ತಿರುಗಿದ್ದಳು. ಕೆಳಗಿನ ರಟ್ಟಿನ ಪೆಟ್ಟಿಗೆಗಳಿಗೆ ಕಾಲು ತಗುಲಿತು, ಮೇಲಿನದೊಂದು ಉರುಳಿ ಬಿತ್ತು. ಕಿವಿ ಸರಳನ್ನು ಬಿಟ್ಟು ಒಂದು ಹೆಜ್ಜೆ ಈಚೆಗೆ ಬಂದಿದೆ ಎನ್ನುವುದು ಅವಳ ಗಮನಕ್ಕೆ ಬರಲಿಲ್ಲ.

"ಹಲೋ… ಅಣ್ಣ, ತುಂಡುತುಂಡು ಕೇಳಿಸ್ತಿದೆ… ಬಿಚ್ಚಿದ್ರಾ? ಕತ್ತರಿಸಿದ್ರಾ?… ಯಾವುದು?… ಹಲೋ? ಬಿಚ್ಚಿದ್ರಾ ಅಣ್ಣ, ಕತ್ತ…"